ಹೋದವರ ಹಿಂದಿನ ಕಸ

ಮುನಿರಾಬಾದಿನ ಡ್ಯಾಂ ಕಾಲೊನ್ಯಾಗ ಆ ವರ್ಷ ಒಂದು ಮಾತು ಹುಟ್ಟಿತ್ತು. ಸರಕಾರಿ ಆಫೀಸಿನ ಕಸಾ ಹೊಡಿಯಾಕಿ ಮನ್ಯಾಗ ಮೊಳಕಾಲುದ್ದ ಕಸಾ ಬಿದ್ದೈತಿ ಅಂತ. ಜನಕ್ಕೇನ್ರಿ, ನಗಾಕ ಒಂದು ನೆವ ಸಿಕ್ರ ಸಾಕು. ನಳದ ಮುಂದ ಕೊಡಾ ಇಟಗೊಂಡು ನಿಂತ ಹೆಂಗಸರಿಗಂತೂ ಅದ ಊಟ, ಅದ ಎಲಿಅಡಿಕಿ. ಆದ್ರ ನಕ್ಕವರಿಗೆ ಆ ಕಸಾ ಯಾಕ ಬಿದ್ದಿತ್ತು, ಯಾರ ಸಲುವಾಗಿ ಬಿದ್ದಿತ್ತು ಅಂತ ಗೊತ್ತಿರಲಿಲ್ಲ. ಅದನ್ನ ಹೇಳಬೇಕಂದ್ರ ಹುಸೇನಪ್ಪ ವಿಮಾನ ಹತ್ತಿದ ಸುದ್ದಿ ಹೇಳಬೇಕು.

ಹುಸೇನಪ್ಪ ಗಾಳೆಮ್ಮನ ಗಂಡ. ಗವಂಡಿ. ಕಾಲುವಿ ದಂಡಿಗೆ ಕಲ್ಲು ಕೂಡಿಸೋದರಾಗ ಅವನನ್ನ ಮೀರಿಸೋರು ಆ ಸೀಮ್ಯಾಗ ಇರಲಿಲ್ಲ. ಆದ್ರ ಕಾಲುವಿ ಕೆಲಸ ಮುಗದು ಭಾಳ ದಿನ ಆಗಿತ್ತು. ಕುಂತು ಉಂಡ್ರ ಕುಡಿಕಿ ಹೊನ್ನು ಸಾಲದು ಅಂತಾರಲ್ಲ, ಇವರ ಮನ್ಯಾಗ ಹೊನ್ನು ಹೋಗಲಿ, ಕುಡಿಕೀನೂ ಇರಲಿಲ್ಲ. ಗಾಳೆಮ್ಮ ನೀರಾವರಿ ಆಫೀಸಿನ್ಯಾಗ ದಿನಗೂಲಿ ಮ್ಯಾಲ ಕಸಾ ಹೊಡದು ತರೋದರಾಗ ಮೂರು ಹೊಟ್ಟಿ ನಡೀತಿದ್ದವು: ಆಕಿದು, ಗಂಡಂದು, ಅತ್ತಿ ಹುಲಿಗವ್ವಂದು. ಅಂಥಾ ಹೊತ್ತಿನ್ಯಾಗ ಗಂಗಾವತಿ ಮುರ್ತುಜಾಸಾಬ ಬಂದ. ಹುಸೇನಪ್ಪನ ಜೋಡಿ ಕಾಲುವಿ ಮ್ಯಾಲ ದುಡದ ಗೆಳೆಯ.

"ಮಸ್ಕತ್ತಿನ್ಯಾಗ ಗವಂಡ್ಯಾರು ಬೇಕಾಗ್ಯಾರಂತೋ. ಎರಡು ವರ್ಷ ದುಡದು ಬಂದ್ವಿ ಅಂದ್ರ ನೀ ಈ ಗುಡಸಲಾ ಕಿತ್ತು ಪಕ್ಕಾ ಮನಿ ಕಟ್ಟಬಹುದು. ಬರ್ತೀಯೇನು?" ಅಂದ.

ಊರ ಮಂದಿಗೆಲ್ಲಾ ಮನಿ ಕಟ್ಟಿ ತಾನು ಗುಡಸಲದಾಗ ಮಲಗೋ ಗವಂಡಿಗೆ ಇನ್ನೇನು ಬೇಕ್ರಿ? ಹೂಂ ಅಂದ.

ಹುಲಿಗವ್ವ ಹೂಂ ಅನ್ನಲಿಲ್ಲ, ಉಹೂಂನೂ ಅನ್ನಲಿಲ್ಲ. ಮಗ ಹೊಂಡೋ ದಿನ ಮುಂಜಾನೆ ಎದ್ದಾಕಿನ ಮನ್ಯಾಗಿನ ಕಸಬರಿಗಿ ತಗೊಂಡು, ಸೂರಿನ ಬೊಂಬಿಗೆ ಹುರಿ ಹಾಕಿ ಬಿಗದು ಕಟ್ಟಿಬಿಟ್ಟಳು.

"ಅಂವ ಮುಟ್ಟಿದ ಅಂತ ತಂತಿ ಬರೂತನಕ ಇದು ಕೆಳಗ ಇಳಿಬಾರದು," ಅಂತ ಸೊಸಿಗೆ ಹೇಳಿದಳು. "ತಂತಿ ಬಂದ ದಿನ ನಾನ ಇಳಸ್ತೀನಿ. ನಾನ ಅಂಗಳಾ ಉಡುಗಿ, ಸಗಣಿ ನೀರು ಹೊಡದು, ಅಂಗಳದ ತುಂಬ ರಂಗೋಲಿ ಹಾಕ್ತೀನಿ. ದಾರಿ ಹಿಡದು ಹೋಗೋರು ನಿಂತು ನೋಡಬೇಕು, ಹಂಗ. ಅಲ್ಲೀತನಕ ಯಾರರ ಒಂದು ಕಡ್ಡಿ ಎತ್ತಿದ್ರಿ ಅಂದ್ರ ನನ್ನ ಹೆಣಾ ದಾಟಿದಂಗ ನೋಡು."

ಹೋದವರ ಹಿಂದ ಕಸಾ ಹೊಡಿಬಾರದು ಅನ್ನೋದು ನಮ್ಮ ಕಡೆ ಕೂಸಿಗೂ ಗೊತ್ತು. ಮನ್ಯಾಗಿಂದ ಯಾರರ ಊರಿಗೆ ಹೊಂಟ್ರ, ಅವರು ಸೀಮಿ ದಾಟೂತನಕ ಕಸಬರಿಗಿ ಮುಟ್ಟಂಗಿಲ್ಲ. ಯಾಕಂದ್ರ ಹಿಂದಿಂದನ ಕಸಾ ಹೊಡದು ನೀರು ಹಾಕೋದು ಹೆಣಾ ಎತ್ತಿದ ಮ್ಯಾಲ. ಅವತ್ತು ರಂಗೋಲಿ ಹಾಕಂಗಿಲ್ಲ. ಬರೇ ಕಸಾ, ಬರೇ ನೀರು. ಮಂದಿಗೆ ಇದು ಒಂದು ಗಳಿಗಿ ನೇಮ, ಅಷ್ಟ. ಹುಲಿಗವ್ವಗ ಅಷ್ಟ ಅಲ್ಲ. ಹುಸೇನಪ್ಪ ಇನ್ನೂ ತೊಟ್ಟಲದಾಗ ಇದ್ದಾಗ ಆಕಿ ಗಂಡ ಕಲ್ಲು ಒಡಿಯೋ ಕೆಲಸಕ್ಕ ಹ್ವಾದ. ಈಕಿ ಅರವಿಲ್ಲದ ಅವನ ಹಿಂದಿಂದನ ಅಂಗಳಾ ಉಡುಗಿದಳು. ಸಂಜಿಗೆ ಅವನನ್ನ ಕಂಬಳ್ಯಾಗ ಹೊತಗೊಂಡು ತಂದರು. ಅವತ್ತಿನಿಂದ ಮಗ ಸಂತಿಗೆ ಹೊಂಟ್ರೂ ಆಕಿ ಕಸಬರಿಗಿ ಸೆರಗಿನಾಗ ಮುಚ್ಚಿ ಇಟಗೊತಿದ್ದಳು. "ನನ್ನ ಕೈಯಾರೆ ಕಳಕೊಂಡೆ" ಅಂತ ಹಾಡಿಕೊಂಡು ಅಳತಿದ್ದಳು. ಬ್ಯಾಡಬೇ, ಕಲ್ಲು ಬಿದ್ದು ಸತ್ತಾಂವಗ ನೀ ಏನ್ ಮಾಡೀದಿ ಅಂತ ಯಾರು ಹೇಳಿದ್ರೂ ಕೇಳತಿರಲಿಲ್ಲ.

ಮುರ್ತುಜಾಸಾಬನ ಹೆಂಡ್ತಿ ಜೋಹರಾಬಿ ಗಂಡನ್ನ ಕಳಸಾಕ ಮುಂಬೈತನಕ ಹೊಂಟಿದ್ದಳು. ತಿರುಗಿ ಬರಾಕ ಜೋಡಿ ಆತು ಅಂತ ಗಾಳೆಮ್ಮನೂ ಹೊಂಟಳು. ಕೊಪ್ಪಳ, ತಳಕಲ್ ದಾಟಿ ಗದಗಿನ್ಯಾಗ ಒಂದು ಗಾಡಿ ಬದಲಿ, ಸೊಲ್ಲಾಪುರದಾಗ ಮತ್ತೊಂದು. ದಾರಿಯುದ್ದಕ್ಕೂ ಮುರ್ತುಜಾಸಾಬಂದು ಒಂದ ವರ್ಣನಾ: "ವಿಮಾನ ನಿಲ್ದಾಣ ಅಂದ್ರ ಏನಂತ ತಿಳದೀರಿ? ನೆಲಾ ಹಿಂಗ ಹೊಳಿತಿರತೈತಿ, ಬಗ್ಗಿ ನೋಡಿ ತಲಿ ಬಾಚಿಗೊಬಹುದು!" ಅದನ್ನ ಕೇಳಿದಷ್ಟೂ ಗಾಳೆಮ್ಮನ ಎದಿ ಡವಡವ ಅನ್ನಾಕ ಹತ್ತಿತ್ತು. ಹೊಳೀತೈತಿ ಅಂದ್ರ ಯಾರೋ ದಿನಾ ಹೊಡೀತಾರ. ಮನ್ಯಾಗಿನ ಕಸಬರಿಗಿ ಅತ್ತಿ ಕಟ್ಟಿಟ್ಟಾಳ, ಅಲ್ಲೀದನ್ನ ಕಟ್ಟಿಡೋರು ಯಾರು? ಗಂಡ ಬಾಗಲಾ ದಾಟಿದ ಕೂಡಲೆ ಹಿಂದ ಯಾವಾಕಿಯೋ ಬಂದು ಝಾಡಿಸಿಬಿಟ್ರ? ಈ ಮಾತು ಗಂಡನ ಮುಂದ ಹೇಳಿದ್ರ ಅಂವ ಹೊಟ್ಟಿ ಹಿಡಕೊಂಡು ನಕ್ಕ.

"ನೀ ಒಂದು ಕೆಲಸ ಮಾಡು. ಅಲ್ಲೀ ಸಾಹೇಬಗ ಅರ್ಜಿ ಕೊಡು. ನಮ್ಮತ್ತಿ ಹೇಳ್ಯಾಳ, ತಂತಿ ಬರೂತನಕ ಕಸಾ ಹೊಡಿಬ್ಯಾಡ್ರಿ ಅಂತ," ಅಂದ.

"ನಗ್ರಿ, ನಗ್ರಿ. ನಿಮಗೇನು," ಅಂತ ಆಕಿ ಮಾರಿ ತಿರುವಿದಳು.

ಈಗ ಕೇಳ್ರಿ ಚೋದ್ಯ. ಮುಂಬೈದ ವಿಮಾನ ನಿಲ್ದಾಣದಾಗ ಕಾಲಿಟ್ಟ ಕೂಡಲೆ ನಾಲ್ಕೂ ಮಂದಿ ಮೂಗು ಮುಚಿಗೊಂಡರು. ಹೊಳಿಯೋದು ಹಾಳಾಗಿ ಹೋಗಲಿ, ನೆಲ ಎಲ್ಲೈತಿ ಅಂತ ಹುಡುಕಬೇಕಾಗಿತ್ತು. ಚಾ ಕುಡದ ಕಪ್ಪು, ಬಾಳಿಹಣ್ಣಿನ ಸಿಪ್ಪಿ, ಎಂಜಲ ಕಾಗದ, ಯಾವುದೋ ಕೂಸು ಕಾರಿಕೊಂಡಿದ್ದು, ಅದರ ಮ್ಯಾಲ ಹೊಚ್ಚಿದ ಪೇಪರು. ಕಸದ ಡಬ್ಬಿಗಳು ತುಂಬಿ, ಚೆಲ್ಲಿ, ಸುತ್ತಲೂ ಗುಡ್ಡಿ ಬಿದ್ದಿದ್ದವು. ಪಾಯಖಾನಿ ನಾತ ಆ ಕಡೆ ತುದಿಯಿಂದ ಈ ಕಡೆ ತುದಿತನಕ ಬರತಿತ್ತು. ರೇಶ್ಮಿ ಸೀರಿ ಉಟ್ಟ ಹೆಂಗಸರು ನಿರಗಿ ಎತ್ತಿ ಹಿಡದು, ಕೆಸರು ಗದ್ದಿ ದಾಟಿದಂಗ ತುದಿಗಾಲ ಮ್ಯಾಲ ದಾಟತಿದ್ದರು. ಬಿಳಿ ಅಂಗಿ ಸಾಹೇಬರು ಕರ್ಚೀಪು ಮೂಗಿಗೆ ಹಿಡದು ಒಬ್ಬರ ಮ್ಯಾಲ ಒಬ್ಬರು ಒದರ್ಯಾಡತಿದ್ದರು.

"ಇದೇನಲೇ ಮುರ್ತುಜಾ, ಇಲ್ಲಿ ಬಗ್ಗಿ ತಲಿ ಬಾಚಿಗೊ ನೋಡೋಣು," ಅಂದ ಹುಸೇನಪ್ಪ.

ಆಮ್ಯಾಲ ಗೊತ್ತಾತು, ಕಸಾ ಹೊಡಿಯೋರು ಮುಷ್ಕರ ಹೂಡ್ಯಾರಂತ. ಬಾಗಲದ ಬಾಜೂಕ, ಹೊರಗ, ಅವರೆಲ್ಲಾ ತೋಳಿಗೆ ಕರೀ ಪಟ್ಟಿ ಕಟಗೊಂಡು ಸಾಲಾಗಿ ಕುಂತಿದ್ದರು. ಕಸಬರಿಗಿ ಎಲ್ಲಾ ಒಂದ ಕಡೆ ಒಟ್ಟಿದ್ದರು. ದಿನಾ ಅವರನ್ನ ದಾಟಿ ಹೋಗೋರು ಯಾರೂ ಅವರ ಮಾರಿ ನೋಡಿರಲಿಕ್ಕಿಲ್ಲ. ಅವತ್ತು ಎಲ್ಲಾರೂ ನೋಡತಿದ್ದರು, ಹಲ್ಲು ಕಡಕೋಂತ.

ಗಾಳೆಮ್ಮಗ ಮಾತ್ರ ಕೈ ಮುಗಿಯೂವಂಗ ಆತು. "ಯಾರೂ ಕಸಾ ಹೊಡಿಯಂಗಿಲ್ಲಂತ್ರೀ! ನಮ್ಮೂರ ದೇವಿ ಹುಲಿಗೆಮ್ಮ ಕಣ್ಣು ತೆರದಳ ನೋಡ್ರಿ!" ಅಂತ ಒದರಿದಳು.

ಕರೀ ಪಟ್ಟಿ ಸಾಲಿನ್ಯಾಗಿಂದ ಒಬ್ಬಾಕಿ ಎದ್ದು ಬಂದಳು. ತಲಿ ಅರ್ಧ ನರತಿತ್ತು, ಸೊಂಟಕ್ಕ ಸೆರಗು ಬಿಗದು ಸಿಗಿಸಿದ್ದಳು. "ಯಾವೂರವ್ವಾ ನಿಮ್ದು? ನಮ್ಮ ಕಡೆ ಮಾತು ಕಿವಿಗೆ ಬಿತ್ತು," ಅಂದಳು. ಆಕಿ ಬಾಷಾಬಿ. ಯಲಬುರ್ಗಿ ಕಡ್ಯಾಕಿ. ದೊಡ್ಡ ಬರ ಬಿದ್ದಾಗ ಮುಂಬೈಗೆ ಬಂದು, ಇಲ್ಲೇ ಕಸಾ ಹೊಡಕೋಂತ ಉಳದಾಕಿ.

"ಯಾಕ ಬಿಟ್ಟೀರಿ ಕೆಲಸ?" ಅಂತ ಗಾಳೆಮ್ಮ ಕೇಳಿದಳು.

"ಕಾಯಂ ಮಾಡ್ರೆಪಾ ಅಂತ. ನನ್ನ ಮಗಳು ಹುಟ್ಟಿದಾಗಿಂದ ದಿನಗೂಲಿ, ಈಗ ಆಕಿಗೆ ಮದುವಿ ಆತು, ನಾ ಇನ್ನೂ ದಿನಗೂಲಿ."

"ನಾನೂ ದಿನಗೂಲಿನ ನೋಡಕ್ಕಾ. ಆಫೀಸ್ ಕಸಾ ಹೊಡಿತೀನಿ," ಅಂತ ಗಾಳೆಮ್ಮ ಆಕಿ ಕೈ ಹಿಡಕೊಂಡಳು. "ನಿಮ್ಮ ಕಾಲಿಗೆ ಬೀಳತೀನಿ, ಇವತ್ತೊಂದು ದಿನ ಮುಷ್ಕರ ಮುಗಸಬ್ಯಾಡ್ರಿ. ನನ್ನ ಗಂಡ ಹೊಂಟಾನ. ಹೋದವರ ಹಿಂದ..."

"ಗೊತ್ತೈತಿ ಬಿಡು," ಅಂತ ಬಾಷಾಬಿ ನಕ್ಕಳು. "ನಮ್ಮವ್ವನೂ ಹಂಗ ಅಂತಿದ್ದಳು. ಹೋಗು, ಗಂಡನ ಜೋಡಿ ನಾಲ್ಕು ತುತ್ತು ಉಣ್ಣು. ಇವತ್ತು ಯಾ ಮಗಾನೂ ಇಲ್ಲಿ ಕಸಬರಿಗಿ ಮುಟ್ಟಂಗಿಲ್ಲ."

ಒಳಗ ಒಂದು ಕಂಬದ ಬುಡಕ ನಾಲ್ಕೂ ಮಂದಿ ಗಂಟು ಬಿಚ್ಚಿದರು. ಖಡಕ್ ರೊಟ್ಟಿ, ಪುಂಡಿಪಲ್ಯ, ಜೋಹರಾಬಿ ಕಟಗೊಂಡು ಬಂದಿದ್ದ ಹುರದ ಶೇಂಗಾ. ಹುಸೇನಪ್ಪ ಶೇಂಗಾ ಸುಲದು ಸಿಪ್ಪಿ ಅಲ್ಲೇ ಒಗಿಯಾಕ ಹತ್ತಿದ. ಗಾಳೆಮ್ಮ ಅಭ್ಯಾಸದಂಗ ಕೈ ಚಾಚಿದಳು, ಆರಿಸಿಕೊಳ್ಳಾಕ.

"ಬಿಡು," ಅಂದ ಅಂವ. "ಮುಷ್ಕರಕ್ಕ ನಮ್ದೂ ಒಂದು ಪಾಲು ಇರಲಿ." ಆಮ್ಯಾಲ ಸಣ್ಣ ದನಿಲೆ ಕೇಳಿದ, "ಮನಿ ಬಾಗಲಾ ಯಾ ಕಡೆ ಇಡಲಿ ಹೇಳು. ಕುಂತಲ್ಲೇ ಮನಿ ಕಟ್ಟಾಕ ಹತ್ತೀನಿ ನಾ. ಗ್ವಾಡಿ ಎಬ್ಬಿಸೀನಿ, ಬಾಗಲಾ ಒಂದು ಉಳದೈತಿ."

"ನೀವು ಬರ್ರಿ ಮೊದಲ. ಬಾಗಲಾ ಎಲ್ಲಿಗೂ ಓಡಿ ಹೋಗಂಗಿಲ್ಲ."

"ಮೂಡಲಕ್ಕ ಇಡ್ತೀನಿ. ಮುಂಜಾನೆ ನೀ ಅಂಗಳಾ ಉಡುಗೂವಾಗ ಬಿಸಲು ಮಾರಿ ಮ್ಯಾಲ ಬರತೈತಿ," ಅಂದ.

ಆಕಿ ಎತ್ತಿದ ತುತ್ತು ಕೆಳಗ ಇಟ್ಟಳು. ಇಷ್ಟು ವರ್ಷ ಬಾಳೇವು ಮಾಡಿದ್ರೂ ಅಂವ ಇಂಥಾ ಮಾತು ಆಡಿದಾಂವಲ್ಲ. ನಗಿಚಾಟಕಿ ಮಾಡಿ ತಿರುಗಾಡೋ ಮನಷ್ಯಾ, ಇವತ್ತು ಯಾಕ ಹಿಂಗ ಅಂತ ಆಕಿ ಅವನ ಮಾರಿ ನೋಡಿದಳು.

ಏಜಂಟನ ಮನಷ್ಯಾ ಬಂದು ಎಲ್ಲಾರನೂ ಕರದ. ಹೊಂಟ ಗವಂಡ್ಯಾರದೆಲ್ಲಾ ಒಂದ ನಮೂನಿ ಚೀಲಾ, ಒಂದ ನಮೂನಿ ಅಂಜಿದ ಮಾರಿ. ಹುಸೇನಪ್ಪ ಎದ್ದ. "ಹೋಗಿ ಬರ್ತೀನಿ," ಅಂದ. ಹೋಗ್ತೀನಿ ಅನ್ನಲಿಲ್ಲ, ಅದನ್ನಂತೂ ಗಾಳೆಮ್ಮ ಸಾಯೂತನಕ ನೆನಸತಿದ್ದಳು. ಮುರ್ತುಜಾಸಾಬನ ಬೆನ್ನು ಹಿಡದು ಸಾಲಿನ್ಯಾಗ ನಿಂತ. ಮುಂದ ಒಂದು ಗಾಜಿನ ಬಾಗಲಾ. ಅದರಿಂದ ಆಚಿ ಕಳಸಾಕ ಬಂದವರಿಗೆ ಅಪ್ಪಣಿ ಇಲ್ಲ.

ಸಾಲು ಇನ್ನೂ ಅರ್ಧ ಸರದಿರಲಿಲ್ಲ, ಆ ಬಿಳಿ ಅಂಗಿ ಸಾಹೇಬರಾಗ ಒಬ್ಬಾಂವ ಎಲ್ಲಿಂದಲೋ ಬಾಡಿಗಿ ಆಳುಗಳನ್ನ ಹಿಡಕೊಂಡು ಬಂದ. ನಾಲ್ಕಾರು ಮಂದಿ, ಕೈಯಾಗ ಹೊಸಾ ಕಸಬರಿಗಿ. ಹೊರಗ ಮುಷ್ಕರದವರು ಒದರೋ ಸಪ್ಪಳಾ ಕೇಳಸ್ತು. ಆಳುಗಳು ಇತ್ತ ಬಾಗಲದ ಕಡಿಂದನ ಚಾಲೂ ಮಾಡಿದರು, ಹುಸೇನಪ್ಪ ನಿಂತ ಸಾಲಿನ ಹಿಂದಿಂದನ.

ಗಾಳೆಮ್ಮಗ ಏನು ಬಂತೋ ಏನೋ. ಎಂದೂ ಆಫೀಸಿನ ಜವಾನಗೂ ತಿರುಗಿ ಮಾತಾಡದಾಕಿ, ಹೋಗಿ ಆ ಆಳಿನ ಮುಂದ ನಿಂತು ಕಸಬರಿಗಿ ಹಿಡದು ಜಗ್ಗಿದಳು. "ಕೊಡೋ ಮೂಳಾ! ನನ್ನ ಗಂಡ ಇನ್ನೂ ಬಾಗಲಾ ದಾಟಿಲ್ಲ! ನಿನ್ನ ಹೆಂಡ್ತಿ ಗಂಡನ ಹಿಂದ ಹಿಂಗ ಹೊಡೀತಾಳೇನು?" ಭಾಷಾ ತಿಳಿಯದಿದ್ರೂ ಬೈಗಳ ತಿಳೀತೈತಿ ನೋಡ್ರಿ. ಆಳು ಕಣ್ಣು ಕಣ್ಣು ಬಿಟ್ಟ. ಸಾಹೇಬ ಕೆಂಪಗಾದ. ಅಷ್ಟೊತ್ತಿಗೆ ಹೊರಗಿನವರು ನುಗ್ಗಿ ಬಂದರು, ಬಾಷಾಬಿ ಎಲ್ಲಾರಿಗಿಂತ ಮುಂದ. "ಶಾಬಾಸ್ ತಂಗೀ!" ಅಂತ ಚಪ್ಪಾಳಿ ಬಡದಳು. ಮುಷ್ಕರಕ್ಕ ಹೊಸಾ ಲೀಡರ್ ಸಿಕ್ಕಳು ಅಂತ ಅವರು ತಿಳದರು. ಬಾಡಿಗಿ ಆಳುಗಳು ಕೈಯಾಗಿಂದು ಅಲ್ಲೇ ಒಗದು ಕಾಲಿಗೆ ಬುದ್ಧಿ ಹೇಳಿದರು.

ಗಾಜಿನ ಬಾಗಲದಾಗಿಂದ ಹುಸೇನಪ್ಪ ಇದನ್ನೆಲ್ಲಾ ನೋಡಿದ. ಹೆಂಡ್ತಿ ಕೈಯಾಗ ಕಸಬರಿಗಿ ಎತ್ತಿ ಹಿಡದು ನಿಂತದ್ದು ನೋಡಿ ನಕ್ಕ. "ಇಲ್ಲಿಗೆ ಬಂದ್ರೂ ಕಸಬರಿಗಿ ಬಿಡಲಿಲ್ಲಲ್ಲೇ!" ಅಂತ ಒದರಿದ. ಅಷ್ಟರಾಗ ಹಿಂದಿನವರು ನೂಕಿದರು. ಬಾಗಲಾ ಮುಚ್ಚಿತು.

ಗಾಳೆಮ್ಮ ಗಾಜಿಗೆ ಹಣಿ ಹಚ್ಚಿ ನಿಂತಳು. ಒಳಗ ಎಲ್ಲಾ ಮಬ್ಬು. ಅಂವ ಯಾವಂವ, ಉಳಿದವರು ಯಾರು ಗುರುತು ಹತ್ತಲಿಲ್ಲ. ಜೋಹರಾಬಿ ಒಂದು ಕಡೆ ಕುಂತು ಅಳಾಕ ಹತ್ತಿದಳು. ಗಾಳೆಮ್ಮನೂ ಅತ್ತಳು, ಸಪ್ಪಳಿಲ್ಲದ. ಅಳಕೋಂತ ಕಂಬದ ಹತ್ತಿರ ಬಂದಳು. ಅಂವ ಕುಂತಿದ್ದ ಜಾಗಾ, ಅಂವ ಒಗದಿದ್ದ ಶೇಂಗಾ ಸಿಪ್ಪಿ, ರೊಟ್ಟಿ ಚೂರು. ಕಣ್ಣಾಗ ನೀರು ತುಂಬಿ ಏನೂ ಕಾಣವಲ್ದು. ಕೈಗೆ ಕಣ್ಣು ಬೇಕಾಗಿರಲಿಲ್ಲ. ಸೊಂಟ ಬಾಗಿದ್ರ ಸಾಕು, ಕೈ ತನ್ನ ಕೆಲಸ ತಾ ಮಾಡತಿತ್ತು. ಎಷ್ಟೋ ವರ್ಷ ಮುಂಜಾನೆದ್ದು ಅದನ್ನ ಮಾಡಿದ ಕೈ.

"ತಂಗೀ!" ಅಂತ ಬಾಷಾಬಿ ಒದರಿದಾಗ ಆಕಿ ಎಚ್ಚರಾದಳು. ಕೈಯಾಗ ಕಸಬರಿಗಿ. ಕಾಲ ಮುಂದ ಅಚ್ಚುಕಟ್ಟಾಗಿ ಕೂಡಿಸಿದ ಸಣ್ಣ ಗುಡ್ಡಿ. ಅಷ್ಟು ದೊಡ್ಡ ಜಾಗಾದಾಗ ಒಂದ ಒಂದು ಕಡೆ ನೆಲ ಹೊಳಿತಿತ್ತು, ಹುಸೇನಪ್ಪ ಕುಂತಿದ್ದ ಕಡೆ.

ಗಾಳೆಮ್ಮ ಕಸಬರಿಗಿ ಒಗದು ಕೆಳಗ ಕುಸದಳು. ಎರಡೂ ಕೈಲೆ ಆ ಗುಡ್ಡಿ ಬಾಚಿ ಬಾಚಿ ತಿರುಗಿ ಚೆಲ್ಲಾಕ ಹತ್ತಿದಳು. ಸಿಪ್ಪಿ ಇಲ್ಲಿತ್ತು, ರೊಟ್ಟಿ ಚೂರು ಅಲ್ಲಿತ್ತು ಅಂತ ಹುಡುಕಿ ಹುಡುಕಿ, ಇದ್ದಲ್ಲೇ ಇಡಾಕ ನೋಡಿದಳು. ಇಟ್ರ ಆಗತೈತೇನ್ರಿ? "ನಾನ ಹೊಡದೆ ಯಕ್ಕಾ. ಮಂದಿ ಕೈಯಾಗಿಂದ ಕಸಗೊಂಡು ನಾನ ಹೊಡದೆ," ಅಂತ ಹಣಿ ಹಣಿ ಬಡಕೊಂಡಳು.

ಬಾಷಾಬಿ ಆಕಿ ಬಾಜೂಕ ಕುಂತು ಕೈ ಹಿಡದಳು. "ಇಲ್ಲಿ ಕೇಳು. ದಿನಾ ಇಲ್ಲಿಂದ ಎಷ್ಟು ಮಂದಿ ಹೋಗ್ತಾರ! ಅವರೆಲ್ಲಾರ ಹಿಂದ ನಾನ ಹೊಡೀತೀನಿ, ಅವರು ವಿಮಾನ ಹತ್ತೂದರಾಗನ. ನೀ ಅನ್ನೋದು ಖರೇ ಇದ್ರ ಒಬ್ಬಾರನೂ ತಿರುಗಿ ಬರಬಾರದಾಗಿತ್ತು. ಬರ್ತಾರವ್ವಾ. ನಾನ ಕಣ್ಣಾರೆ ನೋಡೀನಿ. ಚೀಲಾ ಹೊತಗೊಂಡು, ಮಕ್ಕಳಿಗೆ ಗೊಂಬಿ ಹಿಡಕೊಂಡು ಬರ್ತಾರ."

"ಎಲ್ಲಾರೂ?"

ಬಾಷಾಬಿ ಆಕಿ ಕೈಗೆ ಹತ್ತಿದ ಧೂಳು ಒರಸಿದಳು. "ಭಾಳ ಮಂದಿ," ಅಂದಳು.

ತಿರುಗಿ ಬರೂವಾಗ ಗಾಳೆಮ್ಮ ಆ ಮಾತು ಒಂದನ್ನ ಸೆರಗಿನ ಗಂಟಿನ್ಯಾಗ ಕಟಗೊಂಡು ಬಂದಳು. ಜೋಹರಾಬಿಗೂ ಬಾಯಿ ಮುಚ್ಚು ಅಂತ ಆಣಿ ಹಾಕಿಸಿದಳು.

ಮನಿಗೆ ಬಂದ್ರ ಹುಲಿಗವ್ವ ಹೇಳಿದ ಮಾತಿನಂಗ ನಡದಿದ್ದಳು. ಕಸಬರಿಗಿ ಸೂರಿನ್ಯಾಗ, ಕಸಾ ನೆಲದ ಮ್ಯಾಲ. ದಿನಾ ಹೋದಂಗ ಬೇವಿನ ಎಲಿ ಅಂಗಳದ ತುಂಬ ಬಿದ್ದವು, ಒಲಿ ಬೂದಿ ಹಾರಿ ಮೂಲ್ಯಾಗ ಕುಂತಿತು, ಕೋಳಿ ಕೆದರಿದ್ದು ಕೆದರಿದಲ್ಲೇ ಉಳೀತು. ಉಣ್ಣಾಕ ಕುಂತ್ರ ಗಾಳಿಗೆ ಗಂಗಾಳದಾಗ ಧೂಳು. "ಏನಬೇ ಹುಲಿಗವ್ವಾ, ಮನಿ ತಿಪ್ಪಿ ಮಾಡೀರಲ್ಲ," ಅಂತ ಮಂದಿ ಅಂದ್ರ, "ಮಗ ಮುಟ್ಟಿದ ಸುದ್ದಿ ಬರಲಿ, ನಿನ್ನ ನಾಲಗಿ ಸುದ್ದಾ ಉಡುಗತೀನಿ," ಅಂತ ಮುದುಕಿ ತಿರುಗಿ ಬೀಳತಿದ್ದಳು. ಟಪಾಲಿನವನ ಸೈಕಲ್ ಗಂಟಿ ಕೇಳಿದ್ರ ಸಾಕು, ಎದ್ದು ಬಾಗಲದಾಗ ನಿಲ್ಲತಿದ್ದಳು. ಅಂವ ಮಾರಿ ತಪ್ಪಿಸಿ ಹೋಗತಿದ್ದ.

ಗಾಳೆಮ್ಮ ಆಫೀಸಿಗೆ ಹೋಗಿ ಕಸಾ ಹೊಡೀತಿದ್ದಳು, ಹೊಡೀದ ಬಿಟ್ರ ಹೊಟ್ಟಿಗೇನು? ಆದ್ರ ಕೈಯಾಗ ಮೊದಲಿನ ಬೀಸು ಇರಲಿಲ್ಲ. ಇಂಜಿನೇರು ಜೀಪು ಹತ್ತಿ ಕಾಲುವಿ ಮ್ಯಾಲ ಹ್ವಾದ್ರ ಜೀಪಿನ ಸಪ್ಪಳಾ ಅಡಗೂತನಕ ಕಸಬರಿಗಿ ಹಿಡಕೊಂಡು ಸುಮ್ಮನ ನಿಲ್ಲತಿದ್ದಳು. ಹೆಡ್ ಕ್ಲರ್ಕ್ ಬೈದ. ಬೈಸಿಕೊಂಡಳು. ಅಂವ ಯಾವಾಕಿ ಗಂಡನೋ, ಅವನರ ನೆಟ್ಟಗ ಮನಿ ಮುಟ್ಟಲಿ ಅನ್ನೋದು ಆಕಿ ವಿಚಾರ.

ಒಂದಿನ ಬಾಯಿ ತನಕ ಬಂತು. "ಅತ್ತೀ, ಅಲ್ಲಿ ಮುಂಬೈದಾಗ..."

"ಏನು?"

"ಏನಿಲ್ರಿ. ಭಾಳ ಕಸಾ ಇತ್ತು ಅಲ್ಲಿ. ಯಾರೂ ಹೊಡಿತಿರಲಿಲ್ಲ."

"ಛಲೋ ಆತಲ್ಲ," ಅಂದಳು ಮುದುಕಿ. ಮಾರಿ ಮ್ಯಾಲ ಅಷ್ಟು ದಿನದಾಗ ಮೊದಲನೇ ಸಲ ನಗಿ ಮೂಡಿತು. "ದೇವರು ದೊಡ್ಡಾಂವ. ಇನ್ನ ನನ್ನ ಮಗಗ ಏನೂ ಆಗಂಗಿಲ್ಲ." ಆ ಮಾತು ಕೇಳಿ ಗಾಳೆಮ್ಮ ಹಿತ್ತಲಕ್ಕ ಹೋಗಿ ಬಾಯಾಗ ಸೆರಗು ತುರಕೊಂಡು ಅತ್ತಳು.

ಬೇವು ಎಲಿ ಉದುರಿಸೋದು ಮುಗದು ಹೂವು ಬಿಟ್ಟಿತ್ತು. ಒಂದು ಶನಿವಾರ ಮಧ್ಯಾಹ್ನ ಆಫೀಸು ಮುಗಿಸಿಕೊಂಡು ಗಾಳೆಮ್ಮ ಮನಿ ಕಡೆ ಹೊಂಟಿದ್ದಳು. ಓಣಿ ತಿರುವಿನ್ಯಾಗ ಬಂದು ತಲಿ ಎತ್ತಿ ನೋಡಿದ್ರ, ತಮ್ಮ ಅಂಗಳಾ ಸ್ವಚ್ಛ! ಒಂದು ಎಲಿ ಇಲ್ಲ, ಒಂದು ಕಡ್ಡಿ ಇಲ್ಲ. ನೀರು ಹೊಡದ ನೆಲ ಬಿಸಲಿನ್ಯಾಗ ಇನ್ನೂ ಒದ್ದಿ ಇತ್ತು. ಸೂರಿನ್ಯಾಗ ಕಸಬರಿಗಿ ಇರಲಿಲ್ಲ.

ತಂತಿ ಬಂತು! ಮುಟ್ಯಾನ! ಆಕಿ ಎದ್ಯಾಗಿನ ಕಲ್ಲು ಅಲ್ಲೇ ಉರಳಿ ಬಿತ್ತು. ಬಾಷಾಬಿ ಹೇಳಿದ್ದು ಖರೇ, ಬರ್ತಾರ, ಎಲ್ಲಾರೂ ಬರ್ತಾರ! ಸೀರಿ ಎತ್ತಿ ಕಟ್ಟಿ ಓಡಿದಳು. "ಅತ್ತೀ! ಬಂತೇನ್ರೀ? ಬಂತೇನು?" ಅಂತ ನಗಕೋಂತ, ಅಳಕೋಂತ ಓಡಿದಳು. ನಳದ ಮುಂದಿನ ಹೆಂಗಸರು ಸರದು ದಾರಿ ಬಿಟ್ಟರು. ಅವತ್ತು ಯಾರೂ ನಗಲಿಲ್ಲ, ಅದು ಆಕಿ ಲಕ್ಷ್ಯಕ್ಕ ಬರಲಿಲ್ಲ. ಅಂಗಳದ ಅಂಚಿಗೆ ಬಂದಾಕಿ ತಟ್ಟನ ನಿಂತಳು. ಎತ್ತಿದ ಕಾಲು ಎತ್ತಿದಂಗ ಹಿಡದಳು, ಅತ್ತಿ ಹಾಕಿದ ರಂಗೋಲಿ ತುಳದುಬಿಟ್ಟೇನು ಅಂತ. ಎಲ್ಲಿ ಕಾಲಿಡಲಿ ಅಂತ ಕೆಳಗ ನೋಡಿದಳು.

ರಂಗೋಲಿ ಇರಲಿಲ್ಲ. ಬರೇ ಕಸಾ ಹೊಡದ ನೆಲ, ಬರೇ ನೀರು.

ಹುಲಿಗವ್ವ ಹೊಸ್ತಿಲ ಮ್ಯಾಲ ಕುಂತಿದ್ದಳು, ತೊಡಿ ಮ್ಯಾಲ ಕಸಬರಿಗಿ. ಬಾಜೂಕ ಜೋಹರಾಬಿ, ಬಾಯಿಗೆ ಸೆರಗು ಒತ್ತಿ ಹಿಡಕೊಂಡು. ಆಕಿ ಗಂಗಾವತಿಯಿಂದ ಮುಂಜಾನೆ ಬಸ್ಸಿಗೆ ಬಂದಿದ್ದಳು.

"ಅತ್ತೀ, ರಂಗೋಲಿ ಮರತೀರಿ," ಅಂದಳು ಗಾಳೆಮ್ಮ. "ಡಬ್ಬಿ ಎಲ್ಲೈತ್ರಿ? ತಡೀರಿ, ನಾ ಹಾಕ್ತೀನಿ."

ಹುಲಿಗವ್ವ ತಲಿ ಅಲ್ಲಾಡಿಸಿದಳು. ಜೋಹರಾಬಿನ ಹೇಳಬೇಕಾತು. ಕಟ್ಟೋ ಮಾಳಿಗಿ ಮ್ಯಾಲ ಗವಂಡ್ಯಾರು ನಿಂತಿದ್ದ ಅಟ್ಟಾ ಮುರದು ಬಿತ್ತಂತ. ಮುಟ್ಟಿದ ವಾರದಾಗನ. ಮುರ್ತುಜಾಸಾಬ ತಾನೂ ಕಾಲು ಮುರಕೊಂಡು ದವಾಖಾನ್ಯಾಗ ಬಿದ್ದಿದ್ದ, ಸುದ್ದಿ ಕಳಸಾಕ ಇಷ್ಟು ದಿನ ಹಿಡೀತು. ಹುಸೇನಪ್ಪನ್ನ ಅಲ್ಲೇ ಮಣ್ಣು ಮಾಡ್ಯಾರ. ಹೆಣಾ ಬರಂಗಿಲ್ಲ. ಬರಂಗಿಲ್ಲ ಅಂತ ತಿಳದ ಮ್ಯಾಲನ ಮುದುಕಿ ಎದ್ದು ಸೂರಿನ ಹುರಿ ಬಿಚ್ಚಿದ್ದಳು. ಹೆಣಾ ಎತ್ತಿದ ಮ್ಯಾಲ ಮಾಡೋದನ್ನ ಹೆಣಾ ಇಲ್ಲದನ ಮಾಡಿದ್ದಳು, ತಾ ಹಡದ ಮಗಗ.

ಗಾಳೆಮ್ಮ ಒದ್ದಿ ಅಂಗಳದಾಗ ಬಿದ್ದು ಹೊಳ್ಳ್ಯಾಡಿ ಅತ್ತಳು. "ನಾನ ಕೊಂದೆ ಅತ್ತೀ! ನಾ ಅಲ್ಲಿ ಕಸಾ ಹೊಡದೆ! ಅಂವ ಬಾಗಲಾ ದಾಟಿದ ಕೂಡಲೆ, ಅಂವ ಕುಂತ ಜಾಗಾನ ಹೊಡದೆ! ನನ್ನ ಕೈ ಕಡೀರಿ!"

ಹುಲಿಗವ್ವ ಕೇಳಿದಳು. ಜೋಹರಾಬಿ ಅಂಜಿ ಮುದುಕಿ ಮಾರಿ ನೋಡಿದಳು, ಈಗ ಕಸಬರಿಗೀಲೆನ ಬಡೀತಾಳ ಅಂತ. ಮುದುಕಿ ಎದ್ದು ಬಂದಳು. ಸೊಸಿ ಬಾಜೂಕ ಆ ಹಸೀ ನೆಲದಾಗ ಕುಂತು, ಆಕಿ ತಲಿ ಎತ್ತಿ ತೊಡಿ ಮ್ಯಾಲ ಇಟಗೊಂಡಳು.

"ಹುಚ್ಚೀ," ಅಂದಳು. "ಕಸಾ ಹೊಡದ್ರ ಯಾರರ ಸಾಯತಾರೇನ? ನೀ ದಿನಾ ಆಫೀಸಿನ್ಯಾಗ ಹೊಡೀತಿ, ಎಷ್ಟು ಮಂದಿ ಸತ್ತಾರ ಹೇಳು."

"ಮತ್ತ ಮಾವ?"

"ನಿಮ್ಮ ಮಾವಗ ಕಲ್ಲು ಬಡೀತು. ಅವನ ಆಯುಷ್ಯ ಅಷ್ಟ ಇತ್ತು. ನಾ ಏನು ಮಾಡೀನಿ? ಅದೆಲ್ಲಾ ಸುಳ್ಳವ್ವಾ. ಹಳೇ ಮಂದಿ ಕಟ್ಟಿದ ಕಥಿ. ಅಳಬ್ಯಾಡ, ನಿನ್ನ ಕೈಯಾಗ ಏನೂ ಇಲ್ಲ." ಅಂತ ಸೊಸಿ ಕೈ ಎರಡೂ ತನ್ನ ಕೈಯಾಗ ಹಿಡದು ತಿಕ್ಕಾಕ ಹತ್ತಿದಳು. ಊರು ಮಂದಿ ಅಷ್ಟು ವರ್ಷ ಹೇಳಿದ್ರೂ ಕೇಳದಾಕಿ, ಅವತ್ತು ತಾನ ಹೇಳಿದಳು. ಗಾಳೆಮ್ಮ ಅಳೋದು ನಿಲ್ಲಿಸಲಿಲ್ಲ, ಆದ್ರ ಉಸಿರು ಆಡಿತು.

ಸಂಜಿಮುಂದ ಜೋಹರಾಬಿ ಎದ್ದಳು, ಗಂಗಾವತಿ ಕಡೀ ಬಸ್ಸು ತಪ್ಪತೈತಿ ಅಂತ. ಇಬ್ಬರನೂ ತಬ್ಬಿಕೊಂಡು, ಕಣ್ಣು ಒರಸಿಕೋಂತ ಓಣಿ ಹಿಡದು ಹೊಂಟಳು. ಮಾತಾಡಿಸಾಕ ಬಂದ ಮಂದಿ ಕಾಲಿಗೆ ಹತ್ತಿದ ಧೂಳು, ಯಾರೋ ಒಗದ ಬೀಡಿ ತುಂಡು ಹೊಸ್ತಿಲ ಮುಂದ ಬಿದ್ದಿದ್ದವು. ಕಸಬರಿಗಿ ಅಲ್ಲೇ ಇತ್ತು. ಗಾಳೆಮ್ಮನ ಕೈ ತನ್ನಷ್ಟಕ್ಕ ತಾನ ಅದರ ಕಡೆ ಹೋತು.

ಆಕಿ ಮುಟ್ಟೂದರಾಗ ಹುಲಿಗವ್ವ ತಟಕ್ಕನ ಅದನ್ನ ಎಳಕೊಂಡು ಸೆರಗಿನಾಗ ಮುಚ್ಚಿ ಎದಿಗೆ ಅವಚಿಕೊಂಡಳು. ಕಣ್ಣು ಜೋಹರಾಬಿ ಹೊಂಟ ದಾರಿ ಮ್ಯಾಲ ಇದ್ದವು. ಗಾಳೆಮ್ಮ ಅತ್ತಿ ಮಾರಿ ನೋಡಿದಳು. ನೋಡಿ, ಸುಮ್ಮನ ಬಂದು ಆಕಿ ಬಗಲಾಗ ಒತ್ತಿ ಕುಂತಳು. ಬಸ್ಸಿನ ಸಪ್ಪಳಾ ಕಾಲುವಿ ಕಡೆ ದೂರಾಗಿ, ಪೂರಾ ಅಡಗೂತನಕ ಇಬ್ಬರೂ ಏಳಲಿಲ್ಲ.